ದಡದ ಮೇಲಿನ ಈಜು

ಟ್ಬಿಲಿಸಿಯ ಏಳನೇ ಮಹಡಿಯಲ್ಲಿ
ಎತೇರಿ, ಸ್ಟೂಲಿನ ಮೇಲೆ ಹೊಟ್ಟೆಯೂರಿ
ಈಜುತ್ತಿದ್ದಾಳೆ.

ಕೊಳ ಬರಿದು ಮಾಡಿ ಬೀಗ ಜಡಿದು ನಲವತ್ತು ದಿನ.
ಮೂವತ್ತು ವರ್ಷ ಮಕ್ಕಳನ್ನು ಗದರಿದ್ದಳು:
"ದಡದಲ್ಲಿ ನಿಂತು ಈಜು ಕಲಿತವರುಂಟೇನ್ರೋ!"
ಆ ಮಾತೀಗ ಸ್ಟೂಲಿನ ಕಾಲಲ್ಲಿ ಕಿರ್ರೆನ್ನುತ್ತದೆ.

ಬಲಗೈ. ಎಡಗೈ. ತಲೆ ಹೊರಳಿಸಿ ಉಸಿರು.
ಇತ್ತ ಹೊರಳಿದರೆ ಕಪಾಟು, ಮೇಲೆ ಗಂಡನ ಟೋಪಿ;
ಅತ್ತ, ಯಾರದೋ ಒದ್ದೆ ಬಟ್ಟೆಯ ಆಚೆ
ಒಂದು ತುಂಡು ಬೆಟ್ಟ.
ಟೀವಿಗೆ ಟವೆಲು ಹೊದಿಸಿದ್ದಾಳೆ.
ಸತ್ತವರ ಲೆಕ್ಕ ದಿನಕ್ಕೊಂದೇ ಸಲ,
ಮಾತ್ರೆಯ ಹಾಗೆ, ಊಟವಾದ ಮೇಲೆ.

ನೂರು ಮುಗಿದರೆ ಚಮಚ ಹಿಡಿದು
ಮನೆ ಬೆಚ್ಚಗಿಡುವ ಕಬ್ಬಿಣದ ಪೈಪಿಗೆ ಮೂರು ಏಟು.
ಕೆಳಮನೆಯ ಓತಾರ್, ಗಡಿಯಾರ ರಿಪೇರಿಯವನು,
ಎರಡು ಕೊಡಬೇಕು: ಎದ್ದಿದ್ದೇನೆ, ಬೆನ್ನು ಬಗ್ಗಿಸಿದ್ದೇನೆ.
ಮೊದಲು ಬಡಿದವನು ಅವನೇ, ಜಗಳಕ್ಕೆ,
ತಲೆ ಮೇಲೆ ಯಾರೋ ಕಡಲನ್ನೇ ಎಳೆದಾಡುತ್ತಿದ್ದಾರೆಂದು.

ಇವತ್ತು ಪೈಪು ತುಟಿ ಬಿಚ್ಚಲಿಲ್ಲ.
ಚಹಾ ಆರಿತು. ಮತ್ತೆ ಬಡಿದಳು,
ಚಮಚ ಸೊಟ್ಟಗಾಯಿತು.
ಎದೆಮಟ್ಟ ನೀರು ಏರಿದಂತೆ,
ಕಾಲಿಗೆ ನೆಲ ಸಿಗದಂತೆ.
ತಾನೇ ಕಲಿಸಿದ್ದು: ಗಾಬರಿಯಾದರೆ
ಬಡಿದಾಡಬೇಡ, ಮಲಗು, ನೀರು ಹೊರುತ್ತದೆ.
ಜಮಖಾನದ ಮೇಲೆ ಅಂಗಾತ ಮಲಗಿದಳು.
ನಾಲ್ಕೆಣಿಸಿ ಒಳಗೆ.
ಆರೆಣಿಸಿ ಹೊರಗೆ.

ಠಣ್.
ತಡವಾಗಿ, ಠಣ್.
ಆಮೇಲೆ ಒಪ್ಪಂದದಲ್ಲಿಲ್ಲದ ಮೂರನೆಯದು.

ಕಿಟಕಿಗೆ ಓಡಿದಳು: "ಸತ್ತೆಯೇನೋ, ಮುದುಕಾ?"
"ನಿದ್ದೆ ಬಂದಿತ್ತು ಮಾರಾಯ್ತಿ,
ತಿಂಗಳಿಗೆ ಮೊದಲ ಸಲ."

ಬೈದುಕೊಂಡೇ ಒಳಬಂದು
ಸೊಟ್ಟ ಚಮಚದಲ್ಲಿ
ಆರಿದ ಚಹಾ ಕಲಕಿದಳು.