ಸ್ಟಾಕ್ ಇದೆ

ಮೊದಲು ಬಂದದ್ದು ಬೈಗುಳ, ರಾಕ್ವೆರೆಯ ಗಂಡಸೊಬ್ಬನದು:
"ಉಣ್ಣೆಯಂತೆ, ಉಣ್ಣೆ! ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು,
ಒಲೆಯ ಪಕ್ಕ ಒಣಗಲಿಟ್ಟರೆ ಕರಗಿ ಅಂಟಿಕೊಂಡಿತು ಕೈಗವಸು.
ನಾಚಿಕೆಯಾಗಬೇಕು ನಿನಗೆ, ಮುದುಕಿ."

ರಾಕ್ವೆರೆಗೆ ಈ ವರ್ಷ ನಾನು ಒಂದೆಳೆ ನೂಲೂ ಕಳಿಸಿಲ್ಲ.
ಲೆಕ್ಕದ ಪುಸ್ತಕ ನೋಡಿದೆ, ಹೋದ ವರ್ಷದ್ದೂ ನೋಡಿದೆ.
ಆದರೂ ನಾಚಿಕೆ ಆಯಿತು.
ವಿಳಾಸ ತಪ್ಪಿ ಬಂದ ಬೈಗುಳವೂ ತಾಗುತ್ತದೆ.

ಮೂರನೆಯ ಬೈಗುಳದ ಹೊತ್ತಿಗೆ ಟ್ರೀನು ಬಂದಳು,
ಫೆರಿಯ ಟಿಕೆಟ್ ಕಿಟಕಿಯಲ್ಲಿ ಕೂರುವ ಹುಡುಗಿ,
ಬೂಟಿನ ಹಿಮ ಕೊಡವದೆಯೇ ಫೋನು ಮುಂದೆ ಹಿಡಿದಳು.
ನನ್ನದೇ ಅಂಗಡಿ.
ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಬೆಲೆ ಕಾಲುಭಾಗ.
ನನ್ನ ಕಿಟಕಿ, ಕಿಟಕಿಯಂಚಿನಲ್ಲಿ ನಾನು ಗುಡಿಸದೆ ಬಿಟ್ಟ ನೊಣ,
ನಾನು ಬರೆದ ಸಾಲು, ಅದರ ಕಾಗುಣಿತದ ತಪ್ಪಿನ ಸಮೇತ:
"ಮುಹು ದ್ವೀಪದಲ್ಲಿ ಹೆಣೆಯುವವಳು ನಾನು, ಲೈನೆ;
ಅಳತೆ ನೋಡುವವನು ನನ್ನ ಗಂಡ, ಆರ್ವೆಡ್."
ಈ 'ನಾನು' ಯಾರು, ಎಲ್ಲಿ ಕೂತಿದ್ದಾನೆ,
ಹೆಣಿಗೆಯ ಕಡ್ಡಿ ಹಿಡಿದಿದ್ದಾನೆಯೇ ಒಮ್ಮೆಯಾದರೂ?

ಟ್ರೀನು ಬೆರಳು ಸರಿಸುತ್ತಾ ಹೋದಳು. ನಿಲ್ಲು, ಅಂದೆ.

ಬೂದು ಜೋಡಿ. ಎಂಟು ಮೂಲೆಯ ನಕ್ಷತ್ರ ಎಂದು ಬರೆದಿದೆ.
ಬಲಗೈಗೆ ತೊಟ್ಟು, ಎಡದ ಬರಿಗೈಯಲ್ಲಿ ಅಂಚು ಎಳೆಯುತ್ತಿದ್ದಾನೆ,
ದೋಣಿಯ ರಾಟೆ ಕಚ್ಚಿಹಾಕಿದ ಆ ಮೊಂಡು ಕಿರುಬೆರಳು.
ರೂಪದರ್ಶಿಗೆ ಕೊಡಲು ನಮ್ಮ ಬಳಿ ದುಡ್ಡೆಲ್ಲಿತ್ತು?
"ಈ ಬೆರಳು ನೋಡಿ ಯಾರು ಕೊಳ್ಳುತ್ತಾರೆ" ಎನ್ನುತ್ತಿದ್ದ,
ಎನ್ನುತ್ತಲೇ ಉಗುರು ತಿಕ್ಕಿ ತೊಳೆದು ಬರುತ್ತಿದ್ದ.

ಅವನು ಹೋದ ವಾರ ಆ ಚಿತ್ರಗಳನ್ನೆಲ್ಲ ನಾನೇ ಅಳಿಸಿದ್ದೆ.
ಸತ್ತವನ ಕೈ ತೋರಿಸಿ ವ್ಯಾಪಾರವೇ?
ಆಮೇಲೆ ಹಳೇ ಕಂಪ್ಯೂಟರೂ ಒಂದು ಬೆಳಿಗ್ಗೆ ಏಳಲಿಲ್ಲ.
ಬೂದು ಜೋಡಿ ಅವನ ಜೊತೆಗೇ ಮಣ್ಣಿಗೆ ಹೋಗಿದೆ.
ಇಲ್ಲಿ ಅದರ ಕೆಳಗೆ ಹಸಿರು ಅಕ್ಷರ: ಸ್ಟಾಕ್ ಇದೆ.
ಎರಡೇ ಉಳಿದಿವೆ.
ಈಗ ಹದಿಮೂರು ಜನ ನೋಡುತ್ತಿದ್ದಾರೆ.

ದೂರಿನ ಅರ್ಜಿ ಕೇಳಿತು:
ಚಿತ್ರ ನಿಮ್ಮದೇ? ಹೌದು.
ಮೂಲಪ್ರತಿ ಲಗತ್ತಿಸಿ.
ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಇದೆಯೇ?
ಟ್ರೀನು ನನ್ನ ಮುಖ ನೋಡಿದಳು.
ಇದೆ ಅಂತ ಹಾಕು ಅಂದೆ, ಉಗುರು ತೊಳೆದು ಬರುತ್ತಿದ್ದ.

ಮೂಲಪ್ರತಿ ಎಲ್ಲಿಂದ ತರಲಿ? ಇದ್ದದ್ದು ಚೌಕಳಿ ಹಾಳೆ,
ಅದರಲ್ಲಿ ನಾನು ಲೆಕ್ಕ ತಪ್ಪಿ ನಕ್ಷತ್ರಕ್ಕೆ ಏಳೇ ಮೂಲೆ.
ಕಳ್ಳನ ಚಿತ್ರದಲ್ಲೂ ಏಳೇ. ಬೇಕಾದರೆ ಎಣಿಸಿಕೊಳ್ಳಲಿ.
ಆ ತಪ್ಪನ್ನು ಆರ್ವೆಡ್‌ಗೂ ಹೇಳಿರಲಿಲ್ಲ.

'ಕಳಿಸು' ಒತ್ತುವ ಮುನ್ನ, ತಡಿ ಅಂದೆ.
ಈ ಅಂಗಡಿ ಮುಚ್ಚಿದರೆ ಆ ಕೈಯೂ ಹೋಗುತ್ತದಲ್ಲ.
"ಚಿತ್ರದ ಮೇಲೆ ಬೆರಳು ಒತ್ತಿ ಹಿಡಿ ಅಜ್ಜಿ, ಬಿಡಬೇಡ."
ಒತ್ತಿ ಹಿಡಿದೆ.
ಹದಿನಾಲ್ಕು ಚಿತ್ರ, ಒಂದೊಂದಾಗಿ,
ಕಳ್ಳನ ಮನೆಯಲ್ಲಿ ಕದ್ದೆ,
ನನ್ನ ಮನೆಯ ಬಾಗಿಲಿಗೆ ಚಿಲಕ ಹಾಕಿಕೊಂಡು.
ಆಮೇಲೆ ಕಳಿಸಿದೆವು. ಒಂಬತ್ತು ದಿನಕ್ಕೆ ಅಂಗಡಿ ಇಲ್ಲವಾಯಿತು.

ರಾಕ್ವೆರೆಯವನಿಗೆ ಒಂದು ಜೋಡಿ ಹೆಣೆಯುತ್ತಿದ್ದೇನೆ,
ಪುಕ್ಕಟೆ ಅಲ್ಲ, ಅರ್ಧ ಬೆಲೆಗೆ; ನಾನೇನು ಧರ್ಮಛತ್ರ ಇಟ್ಟಿಲ್ಲ.
ಅಳತೆ ಕೇಳಿದ್ದಕ್ಕೆ ಹಾಳೆಯ ಮೇಲೆ ಕೈಯಿಟ್ಟು
ಸುತ್ತ ಗೆರೆ ಎಳೆದು ಕಳಿಸಿದ್ದಾನೆ. ಐದು ಬೆರಳೂ ಪೂರ್ತಿ.
ಮುದುಕಿ ಅಂದದ್ದಕ್ಕೆ ಮಾತ್ರ ಕ್ಷಮೆ ಕೇಳಿಲ್ಲ.

ನಿನ್ನೆ ಟ್ರೀನು ಮತ್ತೆ ಬಂದಳು.
ಈ ಸಲ ಎರಡಕ್ಷರ ಹೆಚ್ಚಂತೆ.
ಅವರ ಕೈ ಸೇದಿಹೋಗಲಿ ಎಂದೆ,
ಎನ್ನುತ್ತಲೇ ಕನ್ನಡಕ ಹುಡುಕಿದೆ.