ಹೆಗಲು ಮುಟ್ಟಿಕೊಂಡದ್ದು

ಫೆರಾರಾದಲ್ಲಿ ಏರು ಎಂಬುದಿಲ್ಲ.
ಇರುವುದೊಂದು ದಿಬ್ಬ, ಹಳೇ ಕೋಟೆಗೋಡೆಯ ಪಕ್ಕದ್ದು,
ಅದೂ ಯಾರೋ ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು.
ಹಾಗಾಗಿ ಎಂಬತ್ತು ದಾಟಿದ ನೋರ್ಮಾ ಕೂಡ
ಒಂದು ಕೈಲಿ ಕೊಡೆ, ಒಂದು ಕೈಲಿ ಹ್ಯಾಂಡಲ್ಲು,
ಬುಟ್ಟಿಯಲ್ಲಿ ಈರುಳ್ಳಿ, ಈರುಳ್ಳಿಯ ಮೇಲೆ ನಾಯಿ,
ಪಾದ್ರಿ ಎದುರಾದರೂ ದಾರಿ ಬಿಡದೆ ಸಾಗುತ್ತಾಳೆ.

ನಾನು ಪಿಯಾನೋಗಳಿಗೆ ಶ್ರುತಿ ಕೂಡಿಸುವವಳು.
ಹದಿನೇಳು ವರ್ಷ ಒಂದೇ ಸೈಕಲ್ಲು, ಕರಿಯದು,
ಕ್ಯಾರಿಯರಿಗೆ ಬಿಗಿದ ಉಪಕರಣದ ಚೀಲ.
ಕಮಾನುಗಳ ಕೆಳಗಿನ ಓಣಿಯಲ್ಲಿ ಗುಂಡುಕಲ್ಲಿನ ಹಾಸು;
ನನ್ನ ದವಡೆಯ ಹಲ್ಲೊಂದು ಸಡಿಲವಾದದ್ದು ಅಲ್ಲೇ.
ಓಣಿ ಮುಗಿದಲ್ಲಿ ಎರ್ಮೆಸ್‌ನ ಬೇಕರಿ,
ಎರಡು ಜಡೆ ಒಂದಕ್ಕೊಂದು ಹೊಸೆದಂಥ ರೊಟ್ಟಿ,
ನಾಲ್ಕು ಕೊಂಬು, ನಾಲ್ಕೂ ಗರಿಗರಿ.
ಮೂರು ಕೊಂಬು ಮನೆ ಮುಟ್ಟುತ್ತವೆ.
ನಾಲ್ಕನೆಯದು ದಾರಿಯ ಸುಂಕ.

ಅಕ್ಟೋಬರಿನಲ್ಲಿ ಸೈಕಲ್ಲು ಕಳುವಾಯಿತು.
ಸ್ಟೇಷನ್ನಿನ ಹಿಂದೆ, ಮೂರನೇ ಮಹಡಿಯಲ್ಲಿ
ಮೊಂಡು ಪಿಯಾನೋ ಒಂದು ಎರಡು ತಾಸು ಹಿಡಿಯಿತು;
ಇಳಿದು ಬಂದರೆ ಸೈಕಲ್ಲಿಲ್ಲ. ಬೀಗ ಇತ್ತು,
ಕಂಬವನ್ನು ನಿಷ್ಠೆಯಿಂದ ಕಾಯುತ್ತಾ.

ನಡೆಯತೊಡಗಿದೆ. ಊರು ಉದ್ದವಾಯಿತು.
ಯಾರ ಅಡುಗೆಮನೆಯಲ್ಲಿ ಎಷ್ಟು ಹೊತ್ತಿಗೆ ಬೆಳ್ಳುಳ್ಳಿ ಸೀಯುತ್ತದೆ,
ಯಾರ ಮಗಳು ತಪ್ಪಿದಲ್ಲೇ ತಪ್ಪುತ್ತಾಳೆ ಅದೇ ಪಾಠದಲ್ಲಿ,
ಕಾಲಿಗೆ ಇವೆಲ್ಲ ಗೊತ್ತಾಗತೊಡಗಿದವು.
ಚಕ್ರಕ್ಕೆ ಗೊತ್ತಿರಲಿಲ್ಲ.
ಎರ್ಮೆಸ್‌ನ ರೊಟ್ಟಿಯ ಎರಡನೇ ಕೊಂಬೂ ದಾರಿಗೇ ಹೋಯಿತು.

ಆಮೇಲೆ ನವೆಂಬರು. ಪೋ ನದಿಯಿಂದ ಎದ್ದ ಮಂಜು
ಚಾಚಿದ ಕೈಯನ್ನು ಮಣಿಕಟ್ಟಿಗೇ ಕತ್ತರಿಸುವಂಥದು.
ಆ ಬಿಳಿಯೊಳಗೆ, ಎಡಗಡೆ, ಬೆಲ್ಲು.
ಒಮ್ಮೆ ಬಿದ್ದು ನಗ್ಗಿದ ಬೆಲ್ಲು ನನ್ನದು:
ಮೊದಲು ಟ್ರಿಣ್, ಒಂದು ಉಸಿರಿನಷ್ಟು ತಡವಾಗಿ
ಅರ್ಧ ಸ್ವರ ಕೆಳಗೆ, ಗ್ಣ್.
ಸಾವಿರ ತಂತಿ ತಿರುಗಿಸಿದ ಕಿವಿಗೆ ಪುರಾವೆ ಬೇಡ.

ಲಾಂಡ್ರಿಯ ಮುಂದೆ ನಿಲ್ಲಿಸಿತ್ತು.
ಹಿಂದೆ ಮಗುವಿನ ಸೀಟು, ಹಳದಿ, ತಂತಿಯಿಂದ ಬಿಗಿದದ್ದು,
ಅದರಲ್ಲೊಂದು ಉಣ್ಣೆಯ ಕೈಗವಸು, ಕಚ್ಚಿಬಿಟ್ಟ ಬಿಸ್ಕತ್ತು.
ಚೈನಿಗೆ ಎಣ್ಣೆ ಕಂಡಿತ್ತು.
ನಾನು ಯಾವತ್ತೂ ಹಾಕಿದವಳಲ್ಲ.
ಗಾಜಿನಾಚೆ ಮಷೀನು ತಿರುಗುತ್ತಿತ್ತು, ಹಬೆ, ಯಾರದೋ ಬೆನ್ನು.
ಕೂಗಬಹುದಿತ್ತು. ಹತ್ತಿ ಹೊರಟುಬಿಡಬಹುದಿತ್ತು.
ಚೀಲದಿಂದ ಸ್ಕ್ರೂಡ್ರೈವರ್ ತೆಗೆದು
ಬೆಲ್ಲು ಬಿಚ್ಚಿಕೊಂಡು ಕೋಟಿನ ಜೇಬಿಗಿಳಿಸಿದೆ.
ಅಷ್ಟೇ ನನಗೆ ಹೊಳೆದ ನ್ಯಾಯ.

ಹೆಜ್ಜೆಗೊಮ್ಮೆ ಅದು ಜೇಬಿನಲ್ಲೇ ಟ್ರಿಣ್ ಎನ್ನುತ್ತಿತ್ತು.
ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ನಡೆಯುವವಳಿಗೆ.
ಶುಕ್ರವಾರದ ಸಂತೆಯಲ್ಲಿ ಇಯೋಲೆ ಕುಂಬಳದ ರಾಶಿಯ ಹಿಂದಿನಿಂದ,
‘ನಿನ್ನೆ ಯಾವುದೋ ಕಳ್ಳ ಒಂದು ಕಾಯಿ ಹೊತ್ತೊಯ್ದ,
ಇದ್ದದ್ದರಲ್ಲೇ ದೊಡ್ಡದು!’ ಎಂದಳು.
ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು.
ಮತ್ತೆ ಅರ್ಧ ಕಾಯಿ ಕೊಂಡೆ, ಚೌಕಾಸಿ ಮಾಡದೆ;
ಅದಕ್ಕೇ ಅವಳು ಅನುಮಾನದಿಂದ ನೋಡಿದಳು.

ಸಂಜೆ ಕುಂಬಳವನ್ನು ಒಲೆಯಲ್ಲಿ ಸುಟ್ಟೆ,
ತಿರುಳಿಗೆ ತುರಿದ ಚೀಸು, ಚಿಟಿಕೆ ಜಾಯಿಕಾಯಿ,
ಹಿಟ್ಟು ಲಟ್ಟಿಸಿ ಪುಟ್ಟ ಪುಟ್ಟ ಟೋಪಿ ಮಡಚಿದೆ.
ಒಬ್ಬಳಿಗೆ ಮೂವತ್ತೆರಡು ಟೋಪಿ ಹೆಚ್ಚೇ.
ಬೆಲ್ಲನ್ನು ಚಮಚದ ಡ್ರಾಯರಿನಲ್ಲಿಟ್ಟೆ.
ಈಗ ಸೂಪು ಕುಡಿಯಬೇಕೆಂದರೂ ಮನೆ ಟ್ರಿಣ್ ಎನ್ನುತ್ತದೆ.

ನಿನ್ನೆ ಮತ್ತೆ ಮಂಜು. ಕೋಟೆಗೋಡೆಯ ದಾರಿ.
ಹಿಂದಿನಿಂದ ಚೈನಿನ ಸದ್ದು, ಎಣ್ಣೆ ಕಂಡ ಚೈನು,
ಅದರ ಮೇಲಿಂದ ಎಳೆಯ ಗಂಟಲೊಂದು ಕೂಗಿಕೊಂಡು ಬಂತು:
ಟ್ರಿಣ್.
ಒಂದು ಉಸಿರು ತಡೆದು, ಅರ್ಧ ಸ್ವರ ಕೆಳಗೆ,
ಗ್ಣ್.
ಕೂದಲೆಳೆಯಷ್ಟೂ ಶ್ರುತಿ ತಪ್ಪಿರಲಿಲ್ಲ.

ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆ.