ನಕ್ಷೆಯಲ್ಲಿಲ್ಲದ್ದು

ಜೆಪ್ಪಿನ ಪಾರ್ಕಿಗೆ ಗೆರೆ ಎಳೆದದ್ದು ನಾನೇ:
ಸುತ್ತ ಇಂಟರ್‌ಲಾಕ್, ಮೂಲೆಗೊಂದು ಜಾರುಬಂಡಿ,
ನಡುವೆ ಯಾರೂ ತುಳಿಯಬಾರದ ಲಾನು.
ಸಮಯ ಬೆಳಿಗ್ಗೆ ಐದರಿಂದ ಹತ್ತು,
ಸಂಜೆ ನಾಲ್ಕರಿಂದ ಎಂಟು.

ಮಳೆ ಕಳೆದು ಹೋಗಿ ನೋಡಿದರೆ
ಲಾನಿನ ಮೇಲೊಂದು ಕಾಲುದಾರಿ,
ಓರೆಗೆ, ಒಬ್ಬರೇ ನಡೆಯುವಷ್ಟು ಸಪೂರ,
ಮುರಕಲ್ಲಿನ ಕೆಂಪು.

"ಯಾರ ಕೆಲಸ ಸೇಸಪ್ಪ ಇದು?"
ಮಾಲಿ ಕೈಯ ಪೈಪು ಕೆಳಗಿಡಲಿಲ್ಲ.
"ದಕ್ಕೆಯಿಂದ ಬುಟ್ಟಿ ಹೊತ್ತು ಬರ್ತಾರಲ್ಲ, ಜಲಜಕ್ಕ,
ಮೀನು ಮುಗಿಯುವಾಗ ಒಂದು ಗಂಟೆ.
ಸೀದಾ ಆ ಹೊನ್ನೆಮರದ ಅಡಿಗೆ.
ಮತ್ತೆ ಅವರ ಹಿಂದೆ ಉಳಿದವರು."
"ಒಂದು ಗಂಟೆಗೆ ಗೇಟಿಗೆ ಬೀಗ ಅಲ್ಲವಾ?"
"ಬೀಗ ಉಂಟು ಸಾರ್."

ಉಂಟು.
ಬಾಯಿ ಬಿಟ್ಟುಕೊಂಡು ಚಿಲಕದಲ್ಲಿ ನೇತಾಡುತ್ತಿತ್ತು.

ಕಚೇರಿಯಲ್ಲಿ ಮತ್ತೆ ನಕ್ಷೆ ಹರಡಿದೆ.
ಸ್ಕೇಲಿಟ್ಟರೆ ಆ ಗೆರೆ ಕೂರುವುದಿಲ್ಲ;
ಒಂದು ಬೇರನ್ನು ಬಳಸುತ್ತದೆ, ಏರಿನಲ್ಲಿ ವಾಲುತ್ತದೆ,
ತಲೆಯ ಮೇಲೆ ಭಾರವಿದ್ದವರು ವಾಲುವ ಹಾಗೆ.
ಬರಿಗೈಯಲ್ಲೇ ಎಳೆದೆ.

ಕೆಳಗೆ ಷರಾ ಬರೆದೆ:
ಇಲ್ಲಿ ಹುಲ್ಲು ಮತ್ತೆ ಹಾಕತಕ್ಕದ್ದಲ್ಲ.
ಮರದ ಹತ್ತಿರ ಒಂದು ನಲ್ಲಿ ಬೇಕು,
ಕೂತು ಬುಟ್ಟಿ ತೊಳೆಯುವಷ್ಟು ತಗ್ಗಿನಲ್ಲಿ.